ರೊಟ್ಟಿ-ಹಿಂಡಿ ಧಂದೆಗೆ ಎಐ: ಬಾಟ್‌ಗಿಂತ ಮೊದಲು ಒಂದು ಚೀಟಿ

ಅಕ್ಕಾರೆ, ನಮ್ಮ ಗುಂಪಿನಾಗ ನೀವು ಕೇಳಿದ ಪ್ರಶ್ನೆ ಇಷ್ಟು: ಕಲಬುರಗಿ ಕಡಿ ಆಳಂದದಾಗ ಆರು ಮಂದಿ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಮಾಡ್ತೀರಿ. ಆರ್ಡರ್ ಎಲ್ಲಾ ವಾಟ್ಸಪ್‌ನಾಗ ಬರ್ತಾವ, ಬರ್ಕೊಳ್ಳುವಾಗ ತಪ್ಪಾಗ್ತಾವ. ಒಬ್ರು ಬಂದು 25,000 ರೂಪಾಯಿಗೆ ಎಐ ಬಾಟ್, ಅಂದ್ರ ಗಿರಾಕಿಗೆ ತಾನೇ ಉತ್ತರ ಕೊಡೋ ವ್ಯವಸ್ಥೆ, ಹಾಕಿ ಕೊಡ್ತೀನಿ ಅಂದಾರ. ಕೊಡಬೇಕೋ ಬ್ಯಾಡೋ?

ಈಗ ಕೊಡಬ್ಯಾಡ್ರಿ. ದಿನಕ್ಕ ಮೂವತ್ತು-ನಲವತ್ತು ಆರ್ಡರಿಗೆ ಬಾಟ್ ಬೇಕಾಗಿಲ್ಲ. ಬಾಟ್ ಹಾಕಬೇಕಂದ್ರ ನಿಮ್ಮ ನಂಬರ್ ವಾಟ್ಸಪ್‌ನ ದೊಡ್ಡ ಬಿಸಿನೆಸ್ ವ್ಯವಸ್ಥೆಗೆ ಜೋಡಿಸಬೇಕು. ಅಲ್ಲಿ ಗಿರಾಕಿ ಕೇಳಿದ್ದಕ್ಕ 24 ತಾಸಿನೊಳಗ ಉತ್ತರ ಕೊಟ್ರ ದುಡ್ಡಿಲ್ಲ, ಆದ್ರ ನೀವಾಗೇ ಕಳಿಸೋ ಜಾಹೀರಾತು ಸಂದೇಶಕ್ಕ ಒಂದೊಂದಕ್ಕೂ ವಾಟ್ಸಪ್‌ನ ಒಡೆಯ ಮೆಟಾ ಕಂಪನಿ ಹಣ ಹಿಡೀತದ. ಈ ಖರ್ಚು 25,000ದಾಗ ಸೇರಿರಲಿಕ್ಕಿಲ್ಲ, ಕೇಳಿ ನೋಡ್ರಿ. ಇನ್ನೊಂದು, ಆ ಖಾತೆ ಯಾರ ಹೆಸರಿಗೆ ತೆಗೀತಾರ ಅನ್ನೋದು. ಬಾಟ್ ಮಾಡಿಕೊಟ್ಟವರ ಹೆಸರಿಗೇ ಆಯ್ತಂದ್ರ, ನಾಳೆ ಅವರು ಫೋನ್ ಎತ್ತದಿದ್ರ ನಿಮ್ಮ ನಂಬರೇ ನಿಮ್ಮ ಕೈಯಾಗ ಇರೋದಿಲ್ಲ. ಅದೂ ಅಲ್ಲದೆ ನಿಮ್ಮ ಗಿರಾಕಿ ಅರ್ಧಕ್ಕರ್ಧ ಧ್ವನಿ ಸಂದೇಶ ಕಳಿಸೋರು. ನಮ್ಮ ಕಡಿ ಮಾತು ಬಾಟಿಗೆ ಸರಿಯಾಗಿ ತಿಳಿಯೋದಿಲ್ಲ.

ಮೊದಲ ಕೆಲಸ ದುಡ್ಡಿಲ್ಲದ್ದು. ಒಂದು ಚೀಟಿ ಬರೀರಿ. ಎಐ ಜೋಡಿ ಏನೇ ಕೆಲಸ ಮಾಡಿದ್ರೂ ಮೊದಲು ಈ ಚೀಟಿ ಅಂಟಿಸಿ ಆಮ್ಯಾಲೆ ಪ್ರಶ್ನೆ ಕೇಳೋದು. ಚಾಟ್‌ಜಿಪಿಟಿ ಆಗ್ಲಿ ಜೆಮಿನಿ ಆಗ್ಲಿ, ಅದಕ್ಕ ನಿಮ್ಮ ಅಂಗಡಿ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋ ಬದಲು ತಾನೇ ಒಂದು ದರ, ಒಂದು ನಿಯಮ ಹುಟ್ಟಿಸಿ ನೀಟಾಗಿ ಬರೆದು ಕೊಡ್ತದ. ಚೀಟಿ ಹಿಂಗಿರಲಿ, "ದರ ಇಷ್ಟು" ಅನ್ನೋ ಕಡಿ ನಿಮ್ಮ ದರ ಹಾಕ್ರಿ:

"ನಾವು ಬಿಳಿಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾರುತ್ತೇವೆ. ಪ್ಯಾಕ್ ಒಂದಕ್ಕೆ 10 ರೊಟ್ಟಿ, ದರ ಇಷ್ಟು. ಹಿಂಡಿ 250 ಗ್ರಾಂ ಮತ್ತು 500 ಗ್ರಾಂ ಮಾತ್ರ, ದರ ಇಷ್ಟು. ಸಂಜೆ 5ರೊಳಗೆ ಬಂದ ಆರ್ಡರ್ ಮರುದಿನ ಬಸ್ ಪಾರ್ಸಲ್‌ಗೆ ಹೋಗುತ್ತದೆ, ಪಾರ್ಸಲ್ ಖರ್ಚು ಗ್ರಾಹಕರದು. ಮೆತ್ತಗಿನ ರೊಟ್ಟಿ ಪಾರ್ಸಲ್ ಮಾಡುವುದಿಲ್ಲ. ಮದುವೆ ಆರ್ಡರ್ ಇದ್ದರೆ ನಾಲ್ಕು ದಿನ ಮೊದಲು, ಅರ್ಧ ಮುಂಗಡ. ಪಾವ ಕಿಲೊ ಎಂದರೆ 250 ಗ್ರಾಂ, ಪೌಣ ಕಿಲೊ ಎಂದರೆ 750 ಗ್ರಾಂ, ದೀಡ ಕಿಲೊ ಎಂದರೆ 1,500 ಗ್ರಾಂ, ಅಡೀಚ ಕಿಲೊ ಎಂದರೆ 2,500 ಗ್ರಾಂ, ದೀಡನೂರು ಎಂದರೆ 150. ಹಿಂಡಿ ಎಂದರೆ ಊಟಕ್ಕೆ ಹಚ್ಚಿಕೊಳ್ಳುವ ಚಟ್ನಿಪುಡಿ. ಈ ಚೀಟಿಯಲ್ಲಿ ಇಲ್ಲದ್ದನ್ನು ಊಹಿಸಬೇಡ, 'ಕೇಳಿ ಹೇಳುತ್ತೇವೆ' ಎಂದು ಬರೆ."

ಚೀಟಿ ಮಾತ್ರ ಬರಹದ ಕನ್ನಡದಾಗೇ ಇರಲಿ. ನಮ್ಮ ಆಡುಮಾತಿಗಿಂತ ಅದು ಎಐಗೆ ಚಂದ ತಿಳೀತದ. ಅಳತೆ ಮಾತುಗಳನ್ನ ಬಿಡಬ್ಯಾಡ್ರಿ. ದೀಡ, ಅಡೀಚ, ಪೌಣ ಇವುಗಳನ್ನ ಒಮ್ಮೆ ಸರಿ ಹಿಡೀತದ, ಒಮ್ಮೆ ತಪ್ಪು ಹಿಡೀತದ. ತಪ್ಪು ಹಿಡಿದಾಗ ಎಚ್ಚರಿಕೆ ಏನೂ ಕೊಡೋದಿಲ್ಲ. ಹಿಂಡಿ ಅರ್ಥ ಬರೀಲಿಕ್ಕ ಹೇಳಿದ್ದೂ ಅದಕ್ಕೇ. ಸೊಲ್ಲಾಪುರದ ಗಿರಾಕಿಗೆ ಮರಾಠಿ ದರಪಟ್ಟಿ ಮಾಡಿಸಿದ್ರ ದನಕ್ಕ ಹಾಕೋ ಹಿಂಡಿ ಅಂತ ಅನುವಾದ ಆಗಿ ಹೋಗಬಹುದು.

ಇನ್ನು ಆರ್ಡರ್ ಬರ್ಕೊಳ್ಳೋದು. ಸಂಜೆ 5 ಗಂಟೆ ಆದ ಮ್ಯಾಲೆ ಆ ದಿನದ ಸಂದೇಶಗಳನ್ನ ಒಂದರ ಕೆಳಗ ಒಂದು ನಕಲು ಮಾಡಿ ಹಾಕ್ರಿ. ಧ್ವನಿ ಸಂದೇಶ ಇದ್ರ ಕೇಳಿಸ್ಕೊಂಡು, ಫೋನಿನ ಜಿಬೋರ್ಡ್ ಕೀಲಿಮಣೆಯ ಮೈಕ್ ಒತ್ತಿ ನೀವೇ ಕನ್ನಡದಾಗ ಒಂದು ಸಾಲು ಹೇಳ್ರಿ, ಅದು ಟೈಪ್ ಆಗ್ತದ. ಗಿರಾಕಿ ಹೆಸರು, ನಂಬರ್ ಹಾಕಬ್ಯಾಡ್ರಿ. ಗ1, ಗ2 ಅಂತ ಗುರುತು ಸಾಕು, ಹೆಸರಿನ ಪಟ್ಟಿ ನಿಮ್ಮ ವಹಿಯೊಳಗ ಇರಲಿ. ಆಮ್ಯಾಲೆ ಹಿಂಗ ಕೇಳ್ರಿ:

"ಇವತ್ತಿನ ತಾರೀಖು ಇದು, ವಾರ ಇದು. ಕೆಳಗಿನ ಸಂದೇಶಗಳನ್ನು ಕೋಷ್ಟಕ ಮಾಡು. ಕಾಲಂಗಳು: ಕ್ರಮ ಸಂಖ್ಯೆ, ಗುರುತು, ಮಾಲು, ಪ್ಯಾಕ್, ಕಳಿಸುವ ದಿನ, ಊರು, ಅನುಮಾನ. ಸ್ಪಷ್ಟವಿಲ್ಲದ್ದನ್ನು ಅನುಮಾನದ ಕಾಲಂನಲ್ಲಿ ಬರೆ. ಕೊನೆಗೆ ಎಷ್ಟು ಸಂದೇಶ ಓದಿದೆ, ಎಷ್ಟು ಸಾಲು ಬರೆದೆ ಹೇಳು."

ತಾರೀಖು ಕೊಡದಿದ್ರ "ನಾಡಿದ್ದು", "ಬರೋ ಸೋಮವಾರ" ಇವೆಲ್ಲ ಅಡ್ಡಾದಿಡ್ಡಿ ಆಗ್ತಾವ. ಅನುಮಾನದ ಕಾಲಂ ಇಲ್ಲಂದ್ರ "ಹೋದ ಸಲದಷ್ಟೇ ಕಳಸ್ರಿ" ಅನ್ನೋ ಸಂದೇಶಕ್ಕ ಅದೇ ಒಂದು ಸಂಖ್ಯೆ ತುಂಬಿಬಿಡ್ತದ. ಎಣಿಕಿ ಕೇಳೋದು ಯಾಕಂದ್ರ, ಪಟ್ಟಿ ಉದ್ದ ಆದಷ್ಟು ನಡುವಿನ ಒಂದೆರಡು ಸಾಲು ಬಿಟ್ಟು ಹೋಗೋದು ಇವುಗಳ ರೂಢಿ. ಅದು ಹೇಳಿದ ಎಣಿಕಿಯನ್ನೂ ನಂಬಬ್ಯಾಡ್ರಿ, ವಾಟ್ಸಪ್‌ನಾಗ ನೀವು ಎಣಿಸಿದ ಸಂಖ್ಯೆ ಜೋಡಿ ತಾಳೆ ನೋಡ್ರಿ. ಒಂದೇ ಸಲಕ್ಕ ಹದಿನೈದಿಪ್ಪತ್ತು ಸಂದೇಶಕ್ಕಿಂತ ಹೆಚ್ಚು ಹಾಕದಿದ್ರ ಈ ತಪ್ಪು ಕಡಿಮಿ.

ಕೈಬರಹದ ಪಟ್ಟಿ ಫೋಟೊ ತೆಗೆದು ಹಾಕಿದ್ರೂ ಓದ್ತದ. 1 ಮತ್ತು 7, ಕನ್ನಡದ ೧ ಮತ್ತು ೦ ಕಲಸಿಕೊಳ್ತದ, ಗೆರೆ ಎಳೆದು ಹೊಡೆದು ಹಾಕಿದ್ದನ್ನೂ ಆರ್ಡರ್ ಅಂತ ಸೇರಿಸ್ತದ. ಸಂಖ್ಯೆ ಇರೋ ಕಾಲಂ, ಹೊಡೆದು ಹಾಕಿದ ಸಾಲು ಇವೆರಡನ್ನ ಕಣ್ಣಿಟ್ಟು ನೋಡ್ರಿ. ಒಟ್ಟು ಮೊತ್ತ ಮಾತ್ರ ಅದರ ಕೈಲಿ ಹಾಕಿಸಬ್ಯಾಡ್ರಿ. ಕೋಷ್ಟಕವನ್ನ ಗೂಗಲ್ ಶೀಟ್ಸ್ ಅನ್ನೋ ಲೆಕ್ಕದ ಹಾಳೆ ಆ್ಯಪ್‌ಗೆ ಅಂಟಿಸಿ ಅಲ್ಲಿಯ ಸಮ್ (SUM) ಸೂತ್ರದಿಂದ ಕೂಡಿಸ್ರಿ.

ಗಿರಾಕಿಗೆ ಉತ್ತರ ಬರೆಯೋದಕ್ಕ ವಾಟ್ಸಪ್ ಬಿಸಿನೆಸ್ ಆ್ಯಪ್‌ನಾಗ ಕ್ವಿಕ್ ರಿಪ್ಲೈ ಅಂತ ಅದ, ಉಚಿತ. ಬಿಸಿನೆಸ್ ಟೂಲ್ಸ್ ಒಳಗ ಹೋಗಿ 50ರ ತನಕ ಸಿದ್ಧ ಉತ್ತರ ಇಟ್ಕೋಬಹುದು. ಸ್ಲ್ಯಾಶ್ ಗುರುತು ಹಾಕಿ "ದರ" ಅಂತ ಒತ್ತಿದ್ರ ಪೂರ್ತಿ ದರಪಟ್ಟಿ ಬರ್ತದ. ದರ, ಪಾರ್ಸಲ್, ಮುಂಗಡ, ರೊಟ್ಟಿ ಮುರಿದು ಬಂದ್ರ ಏನು, ಎಷ್ಟು ದಿನ ಇಡಬಹುದು: ಇಂಥ ಎಂಟ್ಹತ್ತು ಉತ್ತರ ಚೀಟಿ ಅಂಟಿಸಿ ಎಐ ಕಡಿಂದ ಕನ್ನಡ, ಹಿಂದಿ, ಮರಾಠಿ, ತೆಲುಗಿನಾಗ ಬರೆಸಿಕೊಂಡು ಇಟ್ರ ಬಾಟ್ ಮಾಡೋ ಕೆಲಸದ ಮುಕ್ಕಾಲು ಪಾಲು ಮುಗೀತು. ಹಂಗೇ ಬಿಟ್ರ "ಮಾನ್ಯ ಗ್ರಾಹಕರೇ, ನಮ್ಮ ಉತ್ಪನ್ನವು" ಅಂತ ಸರ್ಕಾರಿ ಪತ್ರದ ಕನ್ನಡ ಬರೀತದ. ನೀವು ಮೊದಲು ಕಳಿಸಿದ ಐದಾರು ಸಂದೇಶ ಹಾಕಿ "ಇದೇ ಧಾಟಿಯಲ್ಲಿ, ಮೂರು ಸಾಲು ಮೀರದಂತೆ" ಅಂದ್ರ ಸುಧಾರಿಸ್ತದ. ಮರಾಠಿ, ತೆಲುಗು ಉತ್ತರಗಳನ್ನ ಆ ಮಾತು ಬಲ್ಲವರೊಬ್ಬರಿಗೆ ಒಮ್ಮೆ ತೋರಿಸಿ ಆಮ್ಯಾಲೆ ಉಳಿಸ್ರಿ.

ದರ ಕಟ್ಟೋದ್ರಾಗ ಎಐ ಬಾಳ ಉಪಯೋಗ, ಆದ್ರ ಅಂಕಿ ನಿಮ್ಮವೇ ಇರಬೇಕು. ಒಂದು ಉದಾಹರಣಿ, ಅಂಕಿಗಳು ತಿಳಿಸಿ ಹೇಳಲಿಕ್ಕ ಮಾತ್ರ: 10 ಕೆಜಿ ಜೋಳ 45ರಂತೆ 450, ಬೀಸಿದ್ದಕ್ಕ 50, ಇಬ್ಬರ ಕೂಲಿ 700, ಗ್ಯಾಸ್ 150, ಪ್ಯಾಕಿಂಗ್ 80. ಒಟ್ಟು 1,430 ರೂಪಾಯಿ. ರೊಟ್ಟಿಗೆ 45 ಗ್ರಾಂ ಹಿಟ್ಟು ಹಿಡಿದ್ರ 222 ರೊಟ್ಟಿ. "ಒಂದು ರೊಟ್ಟಿ ಎಷ್ಟು ಬೀಳ್ತದ" ಅಂತ ಕೇಳಿದ್ರ ಎಐ 1,430ನ್ನ 222ರಿಂದ ಭಾಗಿಸಿ 6 ರೂಪಾಯಿ 44 ಪೈಸೆ ಅನ್ನೋದೇ ಹೆಚ್ಚು. ಖಡಕ್ ರೊಟ್ಟಿ ಒಣಗುವಾಗ, ಕಟ್ಟುವಾಗ ಮುರೀತಾವ. ನೂರಕ್ಕ ಎಂಟು ಮುರಿದ್ರ ಮಾರೋದಕ್ಕ ಉಳಿಯೋದು 204, ಆಗ ಒಂದಕ್ಕ 7 ರೂಪಾಯಿ 1 ಪೈಸೆ. 10ರ ಪ್ಯಾಕಿಗೆ 5 ರೂಪಾಯಿ 70 ಪೈಸೆ ಫರಕು. ಸಣ್ಣ ಧಂದೆಯಾಗ ಲಾಭ ಅನ್ನೋದೇ ಅಷ್ಟಿರ್ತದ. ಅದಕ್ಕ ಉತ್ತರ ಕೇಳಬ್ಯಾಡ್ರಿ, ಸೂತ್ರ ಕೇಳ್ರಿ: "ಮುರಿದದ್ದು, ನಮ್ಮ ಸ್ವಂತ ಕೂಲಿ, ಓಡಾಟ, ಬಾಡಿಗೆ ಸೇರಿಸಿ ಗೂಗಲ್ ಶೀಟ್ಸ್‌ಗೆ ಕೋಷ್ಟಕ ಮತ್ತು ಸೂತ್ರ ಕೊಡು, ನಾನು ಬಿಟ್ಟಿರುವ ಖರ್ಚು ಯಾವುದು ಕೇಳು." ಬಿಟ್ಟ ಖರ್ಚು ಹುಡುಕೋದ್ರಾಗ ಅದು ಜಾಣ: ಬೆಂಕಿಪೊಟ್ಟಣದಿಂದ ಹಿಡಿದು ಯಾರದೋ ಮನಿಯ ಕರೆಂಟ್ ತನಕ ಕೇಳ್ತದ. ವಾರಕ್ಕೊಮ್ಮೆ ಜೋಳದ ದರ ಬದಲಿಸಿದ್ರ ಪ್ಯಾಕಿನ ದರ ತಾನೇ ಬರ್ತದ.

ತೆರಿಗೆ, ಲೇಬಲ್, ಲೈಸೆನ್ಸ್ ವಿಷಯದಾಗ ಅದರ ಮಾತು ಕೊನೆ ಮಾತು ಅನ್ಕೋಬ್ಯಾಡ್ರಿ. ಸರಳ ಉದಾಹರಣಿ ನಿಮ್ಮ ರೊಟ್ಟಿಯೇ. ಚಪಾತಿ, ರೊಟ್ಟಿ, ಖಾಕ್ರಾ ಮ್ಯಾಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ ಆಗ್ಯದ, ಅದಕ್ಕಿಂತ ಮೊದಲು ಶೇಕಡಾ 5 ಇತ್ತು. ಹಳೇ ಮಾಹಿತಿ ಮ್ಯಾಲೆ ಕಲಿತ ಎಐ ಇನ್ನೂ 5 ಅಂತಲೇ ಹೇಳಬಹುದು. ಹಿಂಡಿಗೆ ಬೇರೆ ಲೆಕ್ಕ, ಅದನ್ನ ನಿಮ್ಮ ತೆರಿಗೆ ಸಲಹೆಗಾರರನ್ನೇ ಕೇಳ್ರಿ.

ಲೇಬಲ್ ಮಾದರಿ ಮಾಡಿಸಿದಾಗ ಮೂರು ಕಡಿ ನೋಡ್ರಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡೋ 14 ಅಂಕಿಯ ನಂಬರ್ ಜಾಗದಾಗ ಸುಳ್ಳು ನಂಬರ್ ತುಂಬಿರ್ತದ, ಅಳಿಸಿ ನಿಮ್ಮದು ಹಾಕ್ರಿ. ಪೌಷ್ಟಿಕಾಂಶದ ಅಂಕಿಗಳನ್ನೂ ಎಲ್ಲಿಂದಲೋ ತಂದು ತುಂಬಿರ್ತದ, ನಿಮ್ಮ ಹಿಂಡಿ ಪರೀಕ್ಷೆ ಮಾಡಿಸಿ ಬಂದ ಅಂಕಿ ಅಲ್ಲ ಅವು, ಅಚ್ಚು ಹಾಕಿಸಬ್ಯಾಡ್ರಿ. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು: "ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ" ಅಂಥ ಸಾಲು. ಆಹಾರ ಜಾಹೀರಾತಿನ 2018ರ ನಿಯಮ ಪ್ರಕಾರ ರೋಗ ವಾಸಿ ಆಗ್ತದ ಅಂತ ಹೇಳಿ ಮಾರೋಹಂಗಿಲ್ಲ, ಮತ್ತ ಅದನ್ನ ನಂಬಿ ಯಾರಾದ್ರೂ ಗುಳಿಗೆ ಬಿಟ್ರ ಅವರ ಜೀವದ ಪ್ರಶ್ನೆ. ಶೇಂಗಾ ಅಲರ್ಜಿ ತರೋ ಪದಾರ್ಥ, ಅದನ್ನ ಲೇಬಲ್ ಮ್ಯಾಲೆ ಬರೆಯೋದು ಮರೀಬ್ಯಾಡ್ರಿ. "ಜಿಐ ಟ್ಯಾಗ್ ಪಡೆದ ಕಲಬುರಗಿ ರುಚಿ" ಅಂತ ಸೇರಿಸಿದ್ರ ತೆಗೀರಿ. ಜಿಐ ಅಂದ್ರ ಒಂದು ಊರಿನ ವಿಶೇಷ ಮಾಲಿಗೆ ಸಿಗೋ ಸರ್ಕಾರಿ ಗುರುತು, 2019ರಾಗ ಅದು ಸಿಕ್ಕಿದ್ದು ನಮ್ಮ ತೊಗರಿ ಬ್ಯಾಳಿಗೆ.

ಫೋಟೊ ಎಐನಿಂದ ಮಾಡಿಸಬ್ಯಾಡ್ರಿ. ಜೋಳದ ರೊಟ್ಟಿ ಕೇಳಿದ್ರ ಫುಲ್ಕಾನೋ ತಂದೂರಿ ರೊಟ್ಟಿನೋ ಬರೀತದ, ಗಿರಾಕಿ ಪ್ಯಾಕ್ ಬಿಚ್ಚಿದ ಕೂಡ್ಲೆ ಮೋಸ ಅಂತಾನ. ಮುಂಜಾನೆ ಬಾಗಿಲ ಬೆಳಕಿನಾಗ ಕಪ್ಪು ಬಟ್ಟಿ ಮ್ಯಾಲೆ ರೊಟ್ಟಿ ಇಟ್ಟು ನೀವೇ ತೆಗೀರಿ, ಹಿಂದಿನ ಗೋಡೆ ತೆಗೆಯೋದಕ್ಕ ಮಾತ್ರ ಎಐ ಬಳಸ್ರಿ. ಪೋಸ್ಟರ್ ಮ್ಯಾಲೆ ಅದು ಬರೆಯೋ ಕನ್ನಡದಾಗ ಒತ್ತಕ್ಷರ ಆಗಾಗ ಕೆಡ್ತಾವ, "ರೊಟ್ಟಿ"ಯ ಟ್ಟ ಮತ್ತೇನೋ ಆಗಿರ್ತದ. "ಅಕ್ಷರ ಬೇಡ" ಅಂತ ಹೇಳಿ ಬರೀ ಹಿನ್ನೆಲೆ ತಗೊಂಡು, ಪೋಸ್ಟರ್ ಮಾಡೋ ಆ್ಯಪ್ ಕ್ಯಾನ್ವಾದಾಗ ಕನ್ನಡ ಫಾಂಟ್‌ನಾಗ ಅಕ್ಷರ ನೀವೇ ಕೂಡಿಸ್ರಿ.

ಎಳ್ಳಮವಾಸಿಗೆ ಎಷ್ಟು ಸಜ್ಜಿ ರೊಟ್ಟಿ ಹೋಗ್ತಾವ ಅಂತ ಎಐಗೆ ತಿಳಿಯೋದಿಲ್ಲ. ಹೋದ ಎರಡು ವರ್ಷದ ಆ ಹದಿನೈದು ದಿನದ ಮಾರಾಟ ವಹಿಯಿಂದ ತೆಗೆದು ಕೊಟ್ರ ದಿನವಾರು ಹಂಚಿ, ಜೋಳ-ಸಜ್ಜಿ ಎಷ್ಟು ತರಬೇಕು ಲೆಕ್ಕ ಹಾಕಿ ಕೊಡ್ತದ. ಹಬ್ಬದ ತಾರೀಖು ಪಂಚಾಂಗ ನೋಡಿ ನೀವೇ ಹೇಳ್ರಿ. ಇದೇ ಗುಂಪಿನಾಗ ಒಬ್ರು ಅಣ್ಣಾರು ತೊಗರಿ ದರ ಮುಂದ ಏರ್ತದೋ ಇಳೀತದೋ ಎಐ ಹೇಳ್ತದೇನ್ರಿ ಅಂತ ಕೇಳ್ಯಾರ. ಹೇಳ್ತದ, ಆದ್ರ ಅದರ ಮ್ಯಾಲೆ ಮಾಲು ಹಿಡಿದಿಡಬ್ಯಾಡ್ರಿ. ದಿನದ ದರ ಎಪಿಎಂಸಿದು, ಇಲ್ಲಂದ್ರ ಮಾರುಕಟ್ಟೆ ದರ ತೋರಿಸೋ ಸರ್ಕಾರಿ ವೆಬ್‌ಸೈಟ್ ಅಗ್‌ಮಾರ್ಕ್‌ನೆಟ್ ನೋಡ್ರಿ.

ಖಾತೆಯ ಭದ್ರತೆ. ಆಧಾರ್, ಪಾಸ್‌ಬುಕ್, ಗಿರಾಕಿ ನಂಬರ್ ಯಾವ ಎಐಗೂ ಹಾಕಬ್ಯಾಡ್ರಿ. ಚಾಟ್‌ಜಿಪಿಟಿಯಾಗ ಸೆಟ್ಟಿಂಗ್ಸ್, ಡೇಟಾ ಕಂಟ್ರೋಲ್ಸ್ ಒಳಗ ಹೋಗಿ "ಇಂಪ್ರೂವ್ ದಿ ಮಾಡೆಲ್ ಫಾರ್ ಎವ್ರಿವನ್" ಬಂದ್ ಮಾಡ್ರಿ, ನಿಮ್ಮ ಮಾತು ಅದರ ಕಲಿಕೆಗೆ ಹೋಗದಂಗ. ಆ್ಯಪ್ ಪ್ಲೇ ಸ್ಟೋರ್‌ನಿಂದಲೇ ಇಳಿಸ್ರಿ, ಮಾಡಿದವರ ಹೆಸರು ಓಪನ್‌ಎಐ ಅಥವಾ ಗೂಗಲ್ ಇರಬೇಕು. ವಾಟ್ಸಪ್‌ನಾಗ "ಉಚಿತ ಎಐ" ಅಂತ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರ ಆ್ಯಪ್ ಹಾಕೋ ಫೈಲ್) ಬಂದ್ರ ಮುಟ್ಟಬ್ಯಾಡ್ರಿ. ಮುಟ್ಟಿ ಹಣ ಹೋದ್ರ ಆ ಕ್ಷಣಕ್ಕ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ, ತಡ ಆದಷ್ಟು ಹಣ ತಡೆಯೋದು ಕಷ್ಟ.

ದುಡ್ಡು ಕೊಟ್ಟು ತಗೊಳ್ಳೋ ಯೋಜನೆ ನಿಮ್ಮ ಇಷ್ಟು ಕೆಲಸಕ್ಕ ಬೇಕಾಗಿಲ್ಲ. ಉಚಿತದ್ದರ ಮಿತಿ ಮುಗಿದ್ರ ಕೆಲವು ತಾಸು ಬಿಟ್ಟು ಮತ್ತ ಬಳಸಬಹುದು. "ಮೊದಲು ಉಚಿತ" ಅಂತ ಸೇರಿಸ್ಕೊಳ್ಳುವಾಗ ಯುಪಿಐ ಆಟೋಪೇ ಒಪ್ಪಿಗೆ ಕೇಳಿರ್ತಾರ, ಅವಧಿ ಮುಗಿದ ದಿನ ತಾನೇ ಕಡಿತ ಆಗ್ತದ. ಯುಪಿಐ ಆ್ಯಪ್‌ನಾಗ ಆಟೋಪೇ ಅಥವಾ ಮ್ಯಾಂಡೇಟ್ ಅನ್ನೋ ಕಡಿ ಹೋಗಿ ನೋಡಿ, ಬ್ಯಾಡಾದದ್ದು ರದ್ದು ಮಾಡ್ರಿ.

ಚೀಟಿ ಬರೆದ ಮ್ಯಾಲೆ ಫೋನ್ ನಂಬರ್ ಇದ್ರ ಅಳಿಸಿ ಇಲ್ಲೇ ಗುಂಪಿನಾಗ ಹಾಕ್ರಿ ಅಕ್ಕಾರೆ. ಬಿಟ್ಟಿದ್ದು, ಎರಡರ್ಥ ಬರೋದು ಏನರ ಇದ್ರ ನೋಡಿ ತಿದ್ದಿ ಕೊಡ್ತೀನಿ.