ಹಗುರ, ಡ್ರೈ, ಹಾಪ್ಸ್ ಜಾಸ್ತಿ ಇರುವ ಕ್ರಾಫ್ಟ್ ಬಿಯರ್‌ನ ರುಚಿ ನೋಡುವುದು ಹೇಗೆ?

ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ಘಮ ಕೊಡುವ ಒಂದು ಬಳ್ಳಿಯ ಹೂವು. ಮೊದಲು ಈ ಡ್ರೈ ವಿಷಯ. ಸಿಹಿ ಉಳಿದಿಲ್ಲ ಅಂತ ಅರ್ಥ, ಅಷ್ಟೇ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯ) ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿರುತ್ತದೆ. ಹಾಗಾಗಿ ನುಂಗಿದ ಮೇಲೆ ನಾಲಿಗೆಗೆ ಅಂಟು ಅಂಟು ಅನಿಸುವುದಿಲ್ಲ.

ಇಂಥ ಬಿಯರ್‌ನಲ್ಲಿ ಅರ್ಧ ಮಜಾ ಮೂಗಿನದ್ದು. ಬಾಟಲಿಯಿಂದ ನೇರವಾಗಿ ಕುಡಿಯಬೇಡಿ. ಗ್ಲಾಸಿಗೆ ಸುರಿಯಿರಿ, ಎರಡು ಬೆರಳಿನಷ್ಟು ನೊರೆ ಬರಲಿ. ನೊರೆ ಒಡೆಯುವಾಗ ಹಾಪ್ಸ್‌ನ ಘಮ ಏಳುತ್ತದೆ: ಚಕ್ಕೋತ, ನಿಂಬೆ ಸಿಪ್ಪೆ, ಪೈನ್ ಮರದ ಅಂಟು, ಕೆಲವೊಮ್ಮೆ ಆಗಷ್ಟೇ ಕತ್ತರಿಸಿದ ಹುಲ್ಲು. ಇದು ಹಾಪ್ಸ್‌ನ ಎಣ್ಣೆಯ ಘಮ. ಜಾಸ್ತಿ ಕುದಿಸಿದರೆ ಹಾರಿಹೋಗುತ್ತದೆ, ಅದಕ್ಕೇ ಕುದಿಯುವ ಕೊನೆಗೆ ಅಥವಾ ತಣ್ಣಗಾದ ಮೇಲೆ ಮತ್ತಷ್ಟು ಹಾಪ್ಸ್ ಹಾಕುತ್ತಾರೆ. ಕಹಿಯದ್ದು ಉಲ್ಟಾ. ಚೆನ್ನಾಗಿ ಕುದ್ದಷ್ಟೂ ಹಾಪ್ಸ್ ಕಹಿ ಬಿಟ್ಟುಕೊಡುತ್ತದೆ.

ಈಗ ಒಂದು ಗುಟುಕು. ಬಾಯಲ್ಲಿ ಸ್ವಲ್ಪ ಆಡಿಸಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಕಹಿ ನಿಧಾನಕ್ಕೆ ಏರುತ್ತದೆ, ಸುಮ್ನೆ ಕಾಯಿರಿ. ಬಾಯಿ ಸ್ವಚ್ಛ ಮಾಡಿ ಹೊರಟುಹೋದರೆ ಒಳ್ಳೆಯ ಬಿಯರ್. ಗಂಟಲು ಕೆರೆಯುತ್ತಾ ಕೂತರೆ ನನ್ನ ಪ್ರಕಾರ ಬಿಯರ್ ಮಾಡಿದವರ ಕೈ ತಪ್ಪಿದೆ. ಹಗುರ ಬಿಯರ್‌ನಲ್ಲಿ ತಪ್ಪು ಮುಚ್ಚಿಡಲು ಮಾಲ್ಟ್‌ನ ಸಿಹಿಯೂ ಇರಲ್ಲ ಅಲ್ವಾ!

5ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಐಸ್‌ನಂತೆ ಕೊರೆಯುತ್ತಿದ್ದರೆ ಘಮವೇ ಸಿಗುವುದಿಲ್ಲ. ತಯಾರಾದ ದಿನಾಂಕವನ್ನೂ ನೋಡಿ, ಹಾಪ್ಸ್ ಘಮ ಬೇಗ ಮಂಕಾಗುತ್ತದೆ. ಬಿಸಿಲಿಗೆ ಇಟ್ಟ ಹಸಿರು ಬಾಟಲಿಯಾದರೆ ಕೆಟ್ಟ ನಾತ ಬೇರೆ ಬಂದಿರಬಹುದು. ಕಂದು ಬಾಟಲಿ ಅಥವಾ ಕ್ಯಾನ್ ವಾಸಿ.