ಬೇರೆಯವರ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವರ ಪೆನ್‌ಡ್ರೈವ್‌ನಲ್ಲಿ ಯಾವ ಪೋರ್ಟಬಲ್ ತಂತ್ರಾಂಶಗಳಿರಬೇಕು?

ಮೂರು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿರುವ ನೀವು, ಎಲ್ಲಿಯೂ ಅಡ್ಮಿನ್ ಪಾಸ್‌ವರ್ಡ್ ಸಿಗದಿರುವುದರಿಂದ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಯಾವ ಪೋರ್ಟಬಲ್ ತಂತ್ರಾಂಶಗಳನ್ನು ಇಟ್ಟುಕೊಂಡರೆ ಅನುಕೂಲ ಎಂದು ಕೇಳಿದ್ದೀರಿ. ಮನೆಯಲ್ಲಿ ಸಿದ್ಧಪಡಿಸಿದ ಕನ್ನಡ ಟಿಪ್ಪಣಿಗಳನ್ನು ಕಾಲೇಜಿನಲ್ಲಿ ತೆರೆದಾಗ ಅಕ್ಷರಗಳು ಕೆಡುತ್ತವೆ ಎಂದೂ ಬರೆದಿದ್ದೀರಿ. ನಾನು ಹನ್ನೆರಡು ವರ್ಷಗಳಿಂದ ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಮೂವತ್ತು ನಲವತ್ತು ತಂತ್ರಾಂಶಗಳನ್ನು ತುಂಬಿಸಿಕೊಂಡು ಬರುವವರನ್ನು ಕಂಡಿದ್ದೇನೆ. ಆದರೆ ನಿಮ್ಮ ಕೆಲಸಕ್ಕೆ ನಾಲ್ಕು ಸಾಕು, ಆ ನಾಲ್ಕನ್ನು ಚೆನ್ನಾಗಿ ಬಳಸಲು ಕಲಿಯುವುದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಪೋರ್ಟಬಲ್ ತಂತ್ರಾಂಶವೆಂದರೆ ಇನ್‌ಸ್ಟಾಲ್ ಮಾಡದೆಯೇ ತನ್ನ ಫೋಲ್ಡರಿನಿಂದ ನೇರವಾಗಿ ಓಡುವಂಥದ್ದು. ಅದು ತನ್ನ ಸೆಟ್ಟಿಂಗ್‌ಗಳನ್ನೂ ಆ ಫೋಲ್ಡರಿನಲ್ಲಿಯೇ ಇಟ್ಟುಕೊಳ್ಳುವುದರಿಂದ ಸಾಮಾನ್ಯವಾಗಿ ಅಡ್ಮಿನ್ ಅನುಮತಿಯನ್ನು ಕೇಳುವುದಿಲ್ಲ. ಜಾನ್ ಹಾಲರ್ ಅವರು 2004ರಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಹೀಗೆ ಅಳವಡಿಸಿದ ಕೆಲಸವೇ ಬೆಳೆದು ಇಂದಿನ ಪೋರ್ಟಬಲ್‌ಆ್ಯಪ್ಸ್ ತಾಣವಾಗಿದೆ. ತಂತ್ರಾಂಶಗಳನ್ನು ಆ ತಾಣದಿಂದ ಅಥವಾ ಆಯಾ ತಯಾರಕರ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಸ್ನೇಹಿತರ ಪೆನ್‌ಡ್ರೈವ್‌ನಿಂದ ಕಾಪಿ ಮಾಡಿಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕಾಲೇಜಿನಲ್ಲಿ ಓಡಿಸುವ ಮೊದಲು ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿ. ಕೆಲವು ಕಡೆ ಪೆನ್‌ಡ್ರೈವ್‌ನಿಂದ ಯಾವುದನ್ನೂ ಓಡಿಸದಂತೆ ನಿರ್ಬಂಧಿಸಿರುತ್ತಾರೆ.

ಮೊದಲನೆಯದು ಸುಮಾತ್ರಾ ಪಿಡಿಎಫ್. ಕೆಲವೇ ಎಂಬಿ ತೂಗುವ ಒಂದೇ ಒಂದು ಫೈಲು ಇದು. ಪಿಡಿಎಫ್ ಅಲ್ಲದೆ ಇ-ಪಬ್ ಮತ್ತು ಡೇಜಾವು ಪುಸ್ತಕಗಳನ್ನೂ ತೆರೆಯುತ್ತದೆ, ಹಳೆಯ ಯಂತ್ರದಲ್ಲಿಯೂ ತಡವರಿಸುವುದಿಲ್ಲ. ಎಫ್11 ಒತ್ತಿದರೆ ಪುಟವು ತೆರೆಯ ತುಂಬ ಬರುವುದರಿಂದ ಪ್ರೊಜೆಕ್ಟರ್‌ನಲ್ಲಿ ಪಾಠ ಮಾಡಲು ನಾನು ಇದನ್ನೇ ಕೊಡುತ್ತೇನೆ.

ಎರಡನೆಯದು ಟಿಪ್ಪಣಿ ಬರೆಯಲು, ತಿದ್ದಲು ಬೇಕಾದ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಪೋರ್ಟಬಲ್. ನಿಮ್ಮ ಅಕ್ಷರದ ತೊಂದರೆಯೂ ಇಲ್ಲಿಗೇ ಸೇರಿದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಕಳೆದ ವರ್ಷ ನಮ್ಮಲ್ಲಿ ವಿಚಾರ ಸಂಕಿರಣವೊಂದು ನಡೆದಾಗ, ದೂರದ ಊರಿನಿಂದ ಬಂದ ಅಧ್ಯಾಪಕಿಯೊಬ್ಬರು ಪ್ರಬಂಧದ ಫೈಲನ್ನು ತೆರೆದೊಡನೆ ಕನ್ನಡದ ಬದಲು ಕೊಂಬು ಬಾಲ ಹಚ್ಚಿದ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಕಾಣಿಸಿದವು. ಸಭೆ ಸೇರಿತ್ತು, ಅವರ ಕೈ ನಡುಗುತ್ತಿತ್ತು. ಫೈಲು ಕೆಟ್ಟಿರಲಿಲ್ಲ. ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತವೆಯಾದ್ದರಿಂದ, ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಹಲವು ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಾದರೆ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿವೆ, ಈಗಿನ ವಿಂಡೋಸ್‌ನಲ್ಲಿ ಕನ್ನಡ ತೋರಿಸುವ ಫಾಂಟೂ ಇರುತ್ತದೆ. ಆದ್ದರಿಂದ ನಿಮ್ಮ ಹಳೆಯ ಟಿಪ್ಪಣಿಗಳನ್ನು ಮನೆಯಲ್ಲಿಯೇ ಒಮ್ಮೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನುಡಿಯಲ್ಲಿಯೂ ಅಂಥದ್ದೇ ಇನ್ನೊಂದು ತಂತ್ರಾಂಶವಾದ ‘ಬರಹ’ದಲ್ಲಿಯೂ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಲೇಬೇಕು, ತಪ್ಪುಗಳು ಉಳಿಯುವುದು ಹೆಚ್ಚಾಗಿ ಅಲ್ಲಿಯೇ.

ಅಷ್ಟಾದರೂ ನೀವು ಆರಿಸಿದ ಚೆಂದದ ಫಾಂಟು ಕಾಲೇಜಿನ ಯಂತ್ರದಲ್ಲಿ ಇಲ್ಲದಿದ್ದರೆ ಸಾಲುಗಳು ಮುಂದೆ ಹಿಂದೆ ಸರಿದು ಪುಟ ಒಡೆಯುತ್ತದೆ. ಲಿಬ್ರೆಆಫೀಸ್‌ನ ಫೈಲ್ ಮೆನುವಿನಲ್ಲಿ ಪ್ರಾಪರ್ಟೀಸ್ ತೆರೆದು, ಫಾಂಟ್ ಎಂಬ ಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಿದರೆ ಫಾಂಟು ಕಡತದ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತದೆ. ತಿದ್ದುವ ಅಗತ್ಯವಿಲ್ಲದ ಟಿಪ್ಪಣಿಗಳಿಗಂತೂ ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟುಕೊಳ್ಳಿ. ಆ ದಿನ ಅಧ್ಯಾಪಕಿಯ ಬಳಿ ಪಿಡಿಎಫ್ ಇದ್ದಿದ್ದರೆ ಅಷ್ಟು ಹೊತ್ತು ವೇದಿಕೆಯ ಮೇಲೆ ಕಾಯಬೇಕಾಗುತ್ತಿರಲಿಲ್ಲ.

ಮೂರನೆಯದು ಹಲವು ಫೈಲುಗಳನ್ನು ಒಂದೇ ಕಟ್ಟಾಗಿ ಕುಗ್ಗಿಸಿಡುವ 7-ಜಿಪ್, ಇದನ್ನು ಇಗೋರ್ ಪಾವ್ಲೊವ್ 1999ರಿಂದಲೂ ಉಚಿತವಾಗಿ ಕೊಡುತ್ತಿದ್ದಾರೆ. ಆಂತರಿಕ ಮೌಲ್ಯಮಾಪನದ ಅಂಕಪಟ್ಟಿ, ಪ್ರಶ್ನೆಪತ್ರಿಕೆಯ ಕರಡು ಮುಂತಾದವು ಬಯಲಾಗಿ ಇರಬಾರದು. ಕಡತಗಳಿಗೆ ಬೀಗ ಹಾಕಿಡುವ ವೆರಾಕ್ರಿಪ್ಟ್ ಒಳ್ಳೆಯ ತಂತ್ರಾಂಶವೇ ಆದರೂ ಅದರ ಪೋರ್ಟಬಲ್ ರೂಪಕ್ಕೆ ಅಡ್ಮಿನ್ ಅನುಮತಿ ಬೇಕು, ನಿಮ್ಮಲ್ಲಿ ಅದಿಲ್ಲ. 7-ಜಿಪ್‌ನಲ್ಲಿ 7ಜೆಡ್ ಮಾದರಿಯನ್ನು ಆರಿಸಿ ಪಾಸ್‌ವರ್ಡ್ ಕೊಟ್ಟು, ಫೈಲುಗಳ ಹೆಸರನ್ನೂ ಮರೆಮಾಡುವ ಆಯ್ಕೆಗೆ ಗುರುತು ಹಾಕಿದರೆ, ಯಾರ ಅನುಮತಿಯೂ ಇಲ್ಲದೆ ಎಇಎಸ್-256 ಎಂಬ ಬಲವಾದ ಗೂಢಲಿಪಿಯ ರಕ್ಷಣೆ ಸಿಗುತ್ತದೆ.

7-ಜಿಪ್‌ನಿಂದ ಇನ್ನೊಂದು ಉಪಕಾರವೂ ಇದೆ. ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್‌ಗಳಲ್ಲಿ ಫೋಲ್ಡರುಗಳೆಲ್ಲ ಮಾಯವಾಗಿ, ಮೂಲೆಯಲ್ಲಿ ಬಾಗಿದ ಬಾಣವಿರುವ ಶಾರ್ಟ್‌ಕಟ್ ಮಾತ್ರ ಉಳಿದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜನ ಗಾಬರಿಯಾಗಿ ಅದನ್ನೇ ಒತ್ತುತ್ತಾರೆ, ವೈರಸ್ ಓಡುವುದೇ ಹಾಗೆ. ಒತ್ತಬೇಡಿ. 7-ಜಿಪ್‌ನ ಫೈಲ್ ಮ್ಯಾನೇಜರ್‌ನಲ್ಲಿ ಆ ಡ್ರೈವನ್ನು ತೆರೆದರೆ ಅಡಗಿಸಿಟ್ಟ ಫೋಲ್ಡರುಗಳೂ ಕಾಣುತ್ತವೆ. ಹಲವು ಬಾರಿ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ನಿಮ್ಮ ಕಡತಗಳೆಲ್ಲ ಹಾಗೆಯೇ ಕುಳಿತಿರುತ್ತವೆ. ಸೋಂಕಿಲ್ಲದ ಯಂತ್ರದಲ್ಲಿ ಅವನ್ನು ಹೊರಗೆ ತೆಗೆದಿಟ್ಟುಕೊಂಡು ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಇದೇ ಕಾರಣಕ್ಕೆ ಪ್ರಿಂಟ್ ತೆಗೆಸಲು ಬೇರೆಯೇ ಒಂದು ಸಣ್ಣ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಆ ದಿನದ ಪಿಡಿಎಫ್ ಬಿಟ್ಟು ಬೇರೇನೂ ಇರುವುದು ಬೇಡ.

ನಾಲ್ಕನೆಯದು ವಿಎಲ್‌ಸಿ. ತರಗತಿಯಲ್ಲಿ ವಿಡಿಯೋ ತೋರಿಸುವವರಿಗೆ ಇದರ ಪರಿಚಯ ಬೇಕಿಲ್ಲ.

ಕೀಪಾಸ್ ಎಂಬ ಪಾಸ್‌ವರ್ಡ್ ಪೆಟ್ಟಿಗೆಯನ್ನೂ ಹಲವರು ಸೂಚಿಸುತ್ತಾರೆ. ನಾನೂ ಅದನ್ನು ಬಳಸುತ್ತೇನೆ, ಆದರೆ ನನ್ನ ಸ್ವಂತ ಯಂತ್ರದಲ್ಲಿ ಮಾತ್ರ. ಹತ್ತಾರು ಜನ ಕೂರುವ ಕಂಪ್ಯೂಟರ್‌ನಲ್ಲಿ ಕೀಲಿಮಣೆಯ ಪ್ರತಿ ಒತ್ತನ್ನೂ ದಾಖಲಿಸುವ ತಂತ್ರಾಂಶ ಅಡಗಿದ್ದರೆ, ಮುಖ್ಯ ಪಾಸ್‌ವರ್ಡ್ ಒಂದನ್ನು ಟೈಪಿಸಿದ ಕ್ಷಣದಲ್ಲಿಯೇ ಇಡೀ ಪೆಟ್ಟಿಗೆ ಕೈತಪ್ಪಿದಂತೆ. ಅಂಥಲ್ಲಿ ಪೋರ್ಟಬಲ್ ಬ್ರೌಸರಿನಿಂದ ಬ್ಯಾಂಕಿನ ಖಾತೆ ತೆರೆಯುವುದೂ ಬೇಡ.

ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೋ ಫೈಲು ಹಿಡಿಯುವುದಿಲ್ಲ. ಪೋರ್ಟಬಲ್ ತಂತ್ರಾಂಶ ಓಡುತ್ತಿರುವಾಗ ಪೆನ್‌ಡ್ರೈವ್ ಎಳೆದರೆ ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲವನ್ನೂ ಮುಚ್ಚಿ, ಕೆಳಗಿನ ಪಟ್ಟಿಯಿಂದ ಇಜೆಕ್ಟ್ ಕೊಟ್ಟು ಆಮೇಲೆ ತೆಗೆಯಿರಿ. ಪ್ರತಿ ಶನಿವಾರ ಇಡೀ ಡ್ರೈವನ್ನು ಮನೆಯ ಕಂಪ್ಯೂಟರ್‌ಗೆ, ಆ ದಿನದ ತಾರೀಖು ಹೆಸರಾಗಿರುವ ಹೊಸ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ತಂತ್ರಾಂಶಗಳು ಅದೇ ಫೋಲ್ಡರಿನಿಂದಲೇ ಓಡುವುದರಿಂದ, ಪೆನ್‌ಡ್ರೈವ್ ಬಸ್ಸಿನಲ್ಲಿ ಕಳೆದರೂ ಸೋಮವಾರ ಹೊಸದೊಂದಕ್ಕೆ ಅದನ್ನು ಹಾಕಿಕೊಂಡು ತರಗತಿಗೆ ಹೋಗಬಹುದು.