ಮೊದಲ ಸಾವು ನೋಡಿದ ಮೇಲೆ

ನರ್ಸಿಂಗ್ ಎರಡನೇ ವರ್ಷ, ನೀವು ನೋಡಿಕೊಳ್ಳುತ್ತಿದ್ದ ರೋಗಿ ತೀರಿಕೊಂಡರು, ಬಾತ್‌ರೂಮಿಗೆ ಹೋಗಿ ಅತ್ತಿರಿ, ಸೀನಿಯರ್‌ಗಳು ‘ಅಭ್ಯಾಸ ಆಗುತ್ತೆ ಬಿಡು’ ಅಂದರು. ನಿಜವಾಗಲೂ ಆಗುತ್ತಾ ಅಂತ ಕೇಳಿದ್ದೀರಿ. ನಾನು ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್. ಕೆಲಸ ಅಭ್ಯಾಸ ಆಗುತ್ತೆ. ಸಾವಿನ ವಿಷಯ ನಾನು ಹಾಗೆ ಹೇಳಲಾರೆ.

ನನ್ನ ಮೊದಲ ಸಾವು ಒಬ್ಬ ಅಜ್ಜಿಯದು. ಹಾರ್ಟ್ ಫೇಲ್ಯೂರ್. ಮೂರು ದಿನ ನಾನೇ ಬಿಪಿ ನೋಡಿದ್ದೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವುದು) ಬಗ್ಗೆ ಓದಿದ್ದೆ, ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂ.ಮೀ. ಆದರೂ ಇಳಿಯಬೇಕು ಅಂತ, ಗೊಂಬೆಯ ಮೇಲೆ ಒತ್ತಿ ಒಳ್ಳೇ ಮಾರ್ಕ್ಸೂ ತಗೊಂಡಿದ್ದೆ. ಆದರೆ ಅಜ್ಜಿಯ ಎದೆ ಒತ್ತುವಾಗ ಅಂಗೈ ಕೆಳಗೆ ಪಕ್ಕೆಲುಬು ಲಟಕ್ ಅಂದಾಗ ಕೈ ನಿಂತೇ ಹೋಯಿತು. (ವಯಸ್ಸಾದವರಲ್ಲಿ ಅದು ಮಾಮೂಲು. ನಿಮಗೂ ಹಾಗಾಗಿದ್ದರೆ ಅದು ನಿಮ್ಮ ತಪ್ಪಲ್ಲ, ದಯವಿಟ್ಟು ಅದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ.) ಆಮೇಲೆ ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಇಸಿಜಿಯಲ್ಲಿ ನೇರ ಗೆರೆ ಬಂತು, ಟೈಮ್ ಬರೆದುಕೊಂಡರು, ಹೋದರು. ನಾನು ಅಲ್ಲೇ ಕಂಬದ ಹಾಗೆ ನಿಂತಿದ್ದೆ.

ಇನ್‌ಚಾರ್ಜ್ ಸಿಸ್ಟರ್ ಸಮಾಧಾನ ಏನೂ ಹೇಳಲಿಲ್ಲ. ‘ಬೇಸಿನ್‌ನಲ್ಲಿ ಬಿಸಿನೀರು ತಗೊಂಡು ಬಾ’ ಅಂದರು. ಇಬ್ಬರೂ ಸೇರಿ ಡ್ರಿಪ್‌ನ ಐವಿ ಲೈನ್, ಮೂತ್ರದ ಕ್ಯಾತಿಟರ್ ತೆಗೆದೆವು, ಮೈ ಒರೆಸಿದೆವು, ಮೂಗಿಗೆ ಹತ್ತಿ ಇಟ್ಟು, ಗದ್ದ ಕಟ್ಟಿ, ಕಾಲಿನ ಹೆಬ್ಬೆರಳು ಎರಡೂ ಸೇರಿಸಿ ಕಟ್ಟಿದೆವು. ಸಿಸ್ಟರ್ ಮಧ್ಯೆ ಮಧ್ಯೆ ‘ಅಜ್ಜಿ, ಸ್ವಲ್ಪ ಈ ಕಡೆ ತಿರುಗಿಸ್ತೀವಿ ಆಯ್ತಾ’ ಅನ್ನುತ್ತಿದ್ದರು. ಮೂಗುತಿ ಬಿಚ್ಚೋಕೆ ಬರಲಿಲ್ಲ. ಮಗಳನ್ನು ಕೇಳಿ ಹಾಗೇ ಬಿಟ್ಟು, ಪುಸ್ತಕದಲ್ಲಿ ‘ಹಳದಿ ಲೋಹದ ಮೂಗುತಿ, ಒಂದು’ ಅಂತ ಬರೆದು ಸಹಿ ಹಾಕಿಸಿದೆವು. ಪರೀಕ್ಷೆ ಮಾಡದೆ ಚಿನ್ನ ಅಂತ ಬರೆಯೋ ಹಾಗಿಲ್ಲ, ಗೊತ್ತಲ್ವಾ. ಆ ಅರ್ಧ ಗಂಟೆ ಕೈಗೆ ಕೆಲಸ ಇತ್ತು, ಅದಕ್ಕೇ ನಾನು ಕುಸಿದು ಬೀಳಲಿಲ್ಲ. ಮುಂದಿನ ಸಲ ಸಾಧ್ಯವಾದರೆ ಬಾತ್‌ರೂಮಿಗೆ ಹೋಗುವ ಮೊದಲು ಆ ಕೆಲಸಕ್ಕೆ ನಿಲ್ಲಿ. ಅಳು ಆಮೇಲೂ ಬರುತ್ತೆ, ಬರಲಿ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಹೊರಗೆ ಮಗಳು ‘ಅವ್ವ ಕೊನೆಗೆ ನೀರು ಕೇಳಿದ್ಲಾ?’ ಅಂದಳು. ಬೆಳಿಗ್ಗೆ ಕೇಳಿದ್ದರು. ಹಾರ್ಟ್ ಫೇಲ್ಯೂರ್ ಅಲ್ವಾ, ನೀರು ಅಳೆದು ಕೊಡಬೇಕು ಅಂತ ಡಾಕ್ಟರ್ ಆರ್ಡರ್ ಇತ್ತು, ನಾನು ‘ಆಮೇಲೆ ಅಜ್ಜಿ’ ಅಂದು ಮುಂದಿನ ಬೆಡ್ಡಿಗೆ ಹೋಗಿದ್ದೆ. ಎರಡು ವಾರ ಯಾರಿಗೂ ಹೇಳಲಿಲ್ಲ, ಊಟ ಸೇರುತ್ತಿರಲಿಲ್ಲ. ಕೊನೆಗೆ ಅದೇ ಸಿಸ್ಟರ್‌ಗೆ ಹೇಳಿದೆ. ‘ಆರ್ಡರ್ ಸರಿ ಇತ್ತು. ಆದ್ರೆ ಒದ್ದೆ ಹತ್ತಿಯಲ್ಲಿ ತುಟಿ ಒರೆಸಬಹುದಿತ್ತು, ಇನ್ನು ಮುಂದೆ ಒರೆಸು’ ಅಂದರು. ಬೈದ ಹಾಗಿತ್ತು, ಆದರೂ ಅವತ್ತು ರಾತ್ರಿ ನಿದ್ದೆ ಬಂತು. ನಿಮ್ಮಲ್ಲೂ ಇಂಥದ್ದೊಂದು ಸಣ್ಣ ವಿಷಯ ಸಿಕ್ಕಿಕೊಂಡಿರಬಹುದು. ಅದು ಯಾವುದು ಅಂತ ನೋಡಿ, ಅವತ್ತು ವಾರ್ಡ್‌ನಲ್ಲಿದ್ದ ಯಾರಿಗಾದರೂ ಹೇಳಿ. ಮನೆಯವರು ‘ಆ ಕೋರ್ಸೇ ಬೇಡ ಬಿಡು’ ಅಂದುಬಿಡುತ್ತಾರೆ, ಪಾಪ.

ಎಂಬಿಬಿಎಸ್‌ನವರಿಗೆ ಮೊದಲ ವರ್ಷವೇ ಹೆಣ ಕೊಯ್ದು ರೂಢಿ ಇರುತ್ತೆ ಅಂತಾರೆ. ಹೆಣ ಕೆಡದ ಹಾಗೆ ಹಾಕೋ ಫಾರ್ಮಲಿನ್ ವಾಸನೆಗೆ ರೂಢಿ ಆಗುತ್ತೆ, ಅಷ್ಟೇ. ಬೆಳಿಗ್ಗೆ ಮಾತಾಡಿಸಿದವರು ಮಧ್ಯಾಹ್ನ ಇಲ್ಲ ಅಂದಾಗ ಇಂಟರ್ನ್‌ಗಳೂ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ನೋಡಿದ್ದೀನಿ.

ವಾರಗಟ್ಟಲೆ ನಿದ್ದೆ ಇಲ್ಲ, ಡ್ಯೂಟಿ ಅಂದ್ರೆ ಕೈ ನಡುಗುತ್ತೆ ಅಂದರೆ ಸುಮ್ನೆ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ನೀವು ವಾಪಸ್ ಹೋಗುವಷ್ಟರಲ್ಲಿ ಆ ಬೆಡ್ಡಿಗೆ ಬೇರೆಯವರು ಬಂದಿರುತ್ತಾರೆ. ಹೊಸ ಬೆಡ್‌ಶೀಟ್, ಹೊಸ ಫೈಲ್. ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೇ, ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಸ್ವಲ್ಪ ತಯಾರಾಗಿ ಹೋಗಿ.